ಹಾಲವ್ವನ ಏಳನೇ ಕಲಮು

ಹಾಲವ್ವನ ಮಕ್ಕಳ ಪಾಲುಪತ್ರ ರಿಜಿಸ್ಟ್ರಿಯಾಗಬೇಕಿದ್ದ ಆ ಗುರುವಾರ ಏನೇನು ಕೆಡಬಹುದಾಗಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆನವಟ್ಟಿಯಿಂದ ಬರುವ ಬಸ್ಸು ದಾರಿಯಲ್ಲಿ ಕೆಟ್ಟು ನಿಲ್ಲಬಹುದಾಗಿತ್ತು. ಬಸ್ಸು ಸರಿಯಾಗಿ ಬಂದು, ಅಣ್ಣ ತಮ್ಮ ಇಬ್ಬರಿಗೂ ಒಂದೇ ಸೀಟು ಸಿಕ್ಕಿ, ಸೊರಬ ಮುಟ್ಟುವಷ್ಟರಲ್ಲಿ ಅಂಗಿ ಹರಿದುಕೊಂಡಿರಬಹುದಾಗಿತ್ತು. ಸಬ್ ರಿಜಿಸ್ಟ್ರಾರ್ ಸಾಹೇಬರಿಗೆ ನೆಗಡಿಯಾಗಿ ರಜೆ ಹಾಕಿರಬಹುದಾಗಿತ್ತು. ಸಾಕ್ಷಿ ಹಾಕಲು ಬಂದವನೊಬ್ಬ ಕಾಫಿಗೆಂದು ಹೋಗಿ ಕಾಫಿಯಲ್ಲದ್ದನ್ನು ಕುಡಿದು ಬರಬಹುದಾಗಿತ್ತು. ಮಸಿಕುಡಿಕೆ ಛಾಪಾ ಕಾಗದದ ಮೇಲೆ ಮಗುಚಿಕೊಳ್ಳಬಹುದಾಗಿತ್ತು. ನನ್ನ ಕನಸಿನಲ್ಲಿ ಅದು ಆಗಲೇ ನಾಲ್ಕು ಸಲ ಮಗುಚಿಕೊಂಡಿತ್ತು. ಪೂರ್ವಕ್ಕೆ ಇರಬೇಕಾದ ಹಳ್ಳವನ್ನು ನಾನು ಪಶ್ಚಿಮಕ್ಕೆ ಹರಿಸಿರಬಹುದಾಗಿತ್ತು. ಅಣ್ಣನ ಗದ್ದೆಯನ್ನು ತಮ್ಮನಿಗೆ, ತಮ್ಮನ ಎಮ್ಮೆಯನ್ನು ಅಣ್ಣನಿಗೆ ಬರೆದು, ಎರಡು ಸಂಸಾರಗಳನ್ನು ಮೂರು ತಲೆಮಾರು ಕೋರ್ಟು ಹತ್ತಿಸಿರಬಹುದಾಗಿತ್ತು. ಎಲ್ಲ ಮುಗಿದ ಮೇಲೆ ಹಾಲವ್ವ ಹೆಬ್ಬೆಟ್ಟಿಗೆ ಮಸಿ ಹಚ್ಚಿಸಿಕೊಂಡು, ಕೈ ಹಿಂದಕ್ಕೆ ಎಳೆದು, "ಒಲ್ಲೆ" ಅನ್ನಬಹುದಾಗಿತ್ತು.

ಇದರಲ್ಲಿ ಒಂದೂ ಆಗಲಿಲ್ಲ. ಕೆಟ್ಟದ್ದು ಬೇರೆ, ತೀರ ಸಣ್ಣದು. ನನ್ನ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ಮೂವತ್ತು ವರ್ಷವಾದರೂ ಆ ಅವಮಾನ ನನಗೆ ಹೋಗಿಲ್ಲ: ಚಿಂತೆ ಮಾಡುವುದನ್ನೇ ಕಸುಬು ಮಾಡಿಕೊಂಡವನಿಗೆ ಸರಿಯಾದ ಚಿಂತೆ ಹೊಳೆಯಲಿಲ್ಲವಲ್ಲ.

ಹೋದ ತಿಂಗಳು ಯಾವುದೋ ನಕಲು ತೆಗೆಸಲು ಸೊರಬಕ್ಕೆ ಹೋಗಿದ್ದೆ. ರಿಜಿಸ್ಟ್ರಿ ಕಚೇರಿಯ ಎದುರು ಈಗ ಟೈಪು ಮಾಡುವವರು ಸಾಲಾಗಿ ಕೂತಿದ್ದಾರೆ. ಕೈಯಲ್ಲಿ ಬರೆಯುವವರು ಯಾರೂ ಇಲ್ಲ. ಒಳಗೆ ಯಾರೋ ಲಕೋಟೆಗೆ ಮೊಹರು ಹಾಕಲು ಅರಗು ಕಾಯಿಸುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಇಪ್ಪತ್ತೊಂದು ವರ್ಷದ ಹುಡುಗನ ಹೆದರಿಕೆ ಮತ್ತೆ ಎದ್ದು ಕೂತಿತು. ಕೈ ತಾನಾಗಿ ಜೇಬಿಗೆ ಹೋಗಿ ಮಸಿ ಹೀರುವ ಒತ್ತುಕಾಗದ ಹುಡುಕಿತು. ಸಿಕ್ಕಿದ್ದು ರಕ್ತದೊತ್ತಡದ ಮಾತ್ರೆ.

ಅದು ಹೊಸ ಪೈಸೆ ಚಲಾವಣೆಗೆ ಬಂದ ವರ್ಷ. ಶಿಕಾರಿಪುರದಲ್ಲಿ ನಮ್ಮಪ್ಪನದು ಬಟ್ಟೆ ಅಂಗಡಿ. ಇಂಟರ್‌ಮೀಡಿಯೆಟ್ ಪರೀಕ್ಷೆಗೆ ಎರಡು ಸಲ ಕೂತು ಎರಡು ಸಲವೂ ಹಾಗೇ ಎದ್ದುಬಂದಿದ್ದ ನನ್ನನ್ನು ಅಪ್ಪ ಗಲ್ಲಾಪೆಟ್ಟಿಗೆಯ ಪಕ್ಕ ಕೂರಿಸಿದರು. ಒಂದೇ ತಿಂಗಳಿಗೆ ಎಬ್ಬಿಸಿದರು. ಗಿರಾಕಿ ಸೀರೆಯ ಸೆರಗು ಮುಟ್ಟಿ ನೋಡುವ ಮೊದಲೇ ನಾನು "ಬಣ್ಣ ಬಿಟ್ಟರೂ ಬಿಡಬಹುದು, ನೋಡಿಕೊಳ್ಳಿ" ಅನ್ನುತ್ತಿದ್ದೆ. ಸುಳ್ಳು ಹೇಳಿ ಮಾರುವವರನ್ನು ಬೇಕಾದಷ್ಟು ಕಂಡಿದ್ದೇನೆ, ಆಗದಿರುವುದನ್ನು ಹೇಳಿ ಓಡಿಸುವವನನ್ನು ಈಗಲೇ ಕಂಡದ್ದು ಎಂದು ಅಪ್ಪ ಪಕ್ಕದ ಅಂಗಡಿಯವರ ಹತ್ತಿರ ಹೇಳಿದರಂತೆ.

ಇದರ ಮೇಲೆ ನನಗೆ ಸಾಹಿತಿಯಾಗುವ ಹುಚ್ಚು. ಮೂರು ಕಥೆ ಬರೆದು ಬೆಂಗಳೂರಿನ ಪತ್ರಿಕೆಗಳಿಗೆ ಕಳಿಸಿದ್ದೆ. ಅಂಚೆಚೀಟಿ ಹಚ್ಚಿ, ನನ್ನ ವಿಳಾಸವನ್ನು ನಾನೇ ಬರೆದ ಲಕೋಟೆಯೊಂದನ್ನು ಕಥೆಯ ಜೊತೆಗಿಡಬೇಕು. ಒಪ್ಪಿಗೆಯಾಗದಿದ್ದರೆ ಅದರಲ್ಲೇ ವಾಪಸು. ಮೂರೂ ನಿಯತ್ತಿನಿಂದ ವಾಪಸು ಬಂದವು. ಮೂರನೆಯದನ್ನು ಅಂಚೆಯವನ ಕೈಯಿಂದ ಇಸಿದುಕೊಂಡ ಅಪ್ಪ ಅಕ್ಷರ ಗುರುತು ಹಿಡಿದರು.

"ಏನೋ ಇದು, ನಿಂಗೆ ನೀನೇ ಕಾಗದ ಬರ್ಕಂತೀಯೇನು? ಎಲ್ಲಾ ಆರೋಗ್ಯನಂತೇನು?"

ಆಷಾಢದ ಮೊದಲ ವಾರದಲ್ಲಿ ನನ್ನನ್ನು ಸೊರಬದ ಬಸ್ಸು ಹತ್ತಿಸಿದರು. ಅಲ್ಲಿ ನಮ್ಮ ಸೋದರಮಾವ ರುದ್ರಪ್ಪ ಪತ್ರ ಬರೆಯುವ ಕೆಲಸ ಮಾಡುತ್ತಿದ್ದರು. ಕ್ರಯಪತ್ರ, ಭೋಗ್ಯಪತ್ರ, ದಾನಪತ್ರ, ಪಾಲುಪತ್ರ. ಜನ ಒಬ್ಬರಿಗೊಬ್ಬರು ಬರೆದುಕೊಡಬೇಕಾದ್ದನ್ನೆಲ್ಲ ಅವರೇ ಬರೆದುಕೊಡುತ್ತಿದ್ದರು. ರಿಜಿಸ್ಟ್ರಿ ಕಚೇರಿಯ ಎದುರಿನ ಹೆಂಚಿನ ಜಗಲಿಯಲ್ಲಿ ಒಂದು ಇಳಿಜಾರು ಡೆಸ್ಕು, ಒಂದು ಚಾಪೆ, ಒಂದು ಮಸಿಕುಡಿಕೆ. ಕರಡನ್ನು ನೋಡಿ ಸಾಫು ಪ್ರತಿ ಬರೆಯುವುದು ನನ್ನ ಕೆಲಸ. ನನಗೆ ಇದು ಬರವಣಿಗೆ ಎಂದು ಅನ್ನಿಸಿರಲಿಲ್ಲ. ಬರವಣಿಗೆ ಎಂದರೆ ಬೆಂಗಳೂರಿಗೆ ಹೋಗಿ ವಾಪಸು ಬರುವಂಥದ್ದು.

ಮಾವನನ್ನು ಮೆಚ್ಚಿಸಬೇಕೆಂದು ನನ್ನ ಕಥೆಯೊಂದನ್ನು ಕೊಟ್ಟೆ. ಅದರಲ್ಲಿ ಒಬ್ಬಳು ತರುಣಿ ನದಿಯ ದಡದ ಮನೆಯಲ್ಲಿ ಕಾದು ಕಾದು ಕೊನೆಗೆ ಸಾಯುತ್ತಾಳೆ. ಮಾವ ಕನ್ನಡಕ ಏರಿಸಿಕೊಂಡು, ಬೇರೆ ಯಾವುದೇ ಪತ್ರ ಓದುವ ಹಾಗೆಯೇ, ಬೆರಳಿಟ್ಟು ಸಾಲು ಸಾಲಾಗಿ ಓದಿದರು.

"ನದಿ ಮನೆಗೆ ಯಾವ ಕಡೆಗೈತೆ ಮಾಲಿಂಗ?"

"ಪಕ್ಕದಲ್ಲಿ, ಮಾವ."

"ಪಕ್ಕ ಅನ್ನೋ ದಿಕ್ಕು ನಾನು ಕೇಳಿಲ್ಲ. ಈ ಹುಡುಗಿ ಯಾರ ಮಗಳು?"

"ಅದು ಕಥೆಗೆ ಬೇಕಾಗಿಲ್ಲ, ಮಾವ."

"ಆಯ್ತು, ಬೇಡ. ಸತ್ಲು ಅಂತ ಬರ್ದಿದೀಯಲ್ಲ, ವಾರಸುದಾರರು ಯಾರು?"

ಮಾವ ಕಥೆಯನ್ನು ಮಡಿಸಿ ವಾಪಸು ಕೊಟ್ಟರು. "ಹಿಂದೆ ಮುಂದೆ ಯಾರೂ ಇಲ್ದೋರು ಸತ್ರೆ ಯಾರಿಗೂ ಅಳು ಬರೋದಿಲ್ಲ ಮಾರಾಯ. ಮೊದ್ಲು ಚಕ್ಕುಬಂದಿ ಬರಿ. ಆಮೇಲೆ ಸಾಯ್ಸು."

ಚಕ್ಕುಬಂದಿ ಎಂದರೆ ಒಂದು ಜಾಗದ ನಾಲ್ಕು ಗಡಿ. ಪೂರ್ವಕ್ಕೆ ಯಾರ ಗದ್ದೆ, ಪಶ್ಚಿಮಕ್ಕೆ ಯಾವ ದಾರಿ, ಉತ್ತರಕ್ಕೆ, ದಕ್ಷಿಣಕ್ಕೆ. ನಡುವಿನ ಜಾಗ ಹೇಗಿದೆ ಎಂದು ಮಾವ ಒಂದು ಮಾತೂ ಬರೆಯುತ್ತಿರಲಿಲ್ಲ; ಸುತ್ತಲಿನದನ್ನು ಹೇಳಿದರೆ ನಡುವಿನದು ತಾನಾಗಿ ಕಾಣಬೇಕು ಎನ್ನುವುದು ಅವರ ಮತ. ಆಗ ನನಗೆ ಅದು ಕಾಣಲಿಲ್ಲ. ಮಾವನಿಗೆ ಸಾಹಿತ್ಯ ಗೊತ್ತಿಲ್ಲ ಎಂಬುದು ಮಾತ್ರ ಕಂಡಿತು.

ಆ ಮಳೆಗಾಲ ಸೊರಬದಲ್ಲಿ ಕಾಗದಗಳೆಲ್ಲ ಹಪ್ಪಳದ ಹಿಟ್ಟಿನಂತೆ ಮೆತ್ತಗಾಗುತ್ತಿದ್ದವು. ಪೆನ್ನು ಊರಿದರೆ ಮಸಿ ಹಬ್ಬುತ್ತಿತ್ತು. ಅತ್ತೆ ಕಾಗದದ ಕಟ್ಟನ್ನು ಒಲೆಯ ಮೇಲಿನ ಅಟ್ಟದಲ್ಲಿಟ್ಟು ಬೆಚ್ಚಗೆ ಮಾಡಿ ಕೊಡುತ್ತಿದ್ದರು. ಅದು ಬಿಸಿ ಆರುವುದರೊಳಗೆ ಬರೆದು ಮುಗಿಸಬೇಕು. ಉದ್ದ ವಾಕ್ಯ ಎತ್ತಿಕೊಂಡರೆ ಕ್ರಿಯಾಪದ ಬರುವ ಮೊದಲು ಕರ್ತೃ ಹಬ್ಬಿ ಹೋಗಿರುತ್ತಿದ್ದ. "ಮಳೆಗಾಲ್ದಾಗೆ ಸಣ್ಣ ವಾಕ್ಯ ಬರಿ. ಬೇಸಿಗೇಲಿ ಬೇಕಾದ್ರೆ ಉದ್ದ ಮಾಡ್ಕೋ" ಅಂದರು ಮಾವ. ನನಗೆ ಆ ಬೇಸಿಗೆ ಇನ್ನೂ ಬಂದಿಲ್ಲ.

ಇನ್ನೂ ಕೆಲವು ನಿಯಮಗಳಿದ್ದವು. ಸಾಲಿನ ಕೊನೆಯಲ್ಲಿ ಜಾಗ ಉಳಿದರೆ ಗೆರೆ ಎಳೆದು ತುಂಬಬೇಕು. ಬಿಟ್ಟ ಜಾಗದಲ್ಲಿ ಬೇರೆಯವರು ಬಂದು ಕೂರುತ್ತಾರೆ. ತಪ್ಪು ಬರೆದರೆ ಕೆರೆಯಬಾರದು, ಓದುವಂತೆ ಹೊಡೆದುಹಾಕಿ, ಪತ್ರದ ಕೊನೆಯಲ್ಲಿ "ಹೊಡೆದ ಅಕ್ಷರ ಮೂರು" ಎಂದು ಒಪ್ಪಿಕೊಳ್ಳಬೇಕು. ಎಲ್ಲ ಬರೆದಾದ ಮೇಲೆ, ಯಾರ ಪತ್ರವೋ ಅವರನ್ನು ಎದುರಿಗೆ ಕೂರಿಸಿಕೊಂಡು ಗಟ್ಟಿಯಾಗಿ ಓದಿ ಹೇಳಬೇಕು. ಓದುವಾಗ ಮಾವ ಕಾಗದ ನೋಡುತ್ತಿರಲಿಲ್ಲ, ಕೇಳುವವರ ಕುತ್ತಿಗೆ ನೋಡುತ್ತಿದ್ದರು. ಕುತ್ತಿಗೆ ಒಂಚೂರು ವಾಲಿದರೆ ಅಲ್ಲೇ ನಿಲ್ಲಿಸಿ, "ಯಾಕೆ, ಇದು ಸರಿಯಾಗ್ಲಿಲ್ವಾ?" ಎಂದು ಕೇಳುತ್ತಿದ್ದರು.

ನವರಾತ್ರಿಯ ಹೊತ್ತಿಗೆ ಶಿವಮೊಗ್ಗದ ವಾರಪತ್ರಿಕೆಯೊಂದಕ್ಕೆ ಸಹಾಯಕರು ಬೇಕೆಂಬ ಪ್ರಕಟಣೆ ಕಂಡು, ಅರ್ಜಿ ನಮೂನೆ ತರಿಸಿದೆ. ಹೆಸರು, ವಯಸ್ಸು, ವಿದ್ಯಾಭ್ಯಾಸ ಎಲ್ಲ ತುಂಬಿಸಿ, "ಬರವಣಿಗೆಯ ಅನುಭವ" ಎಂಬಲ್ಲಿಗೆ ಬಂದು ಮೂರು ದಿನ ಕೂತೆ. ಕೊನೆಗೆ ಪ್ರಾಮಾಣಿಕವಾಗಿ "ಇಲ್ಲ" ಎಂದು ಬರೆದು, ಮಾವನ ಪಾಠದಂತೆ ಉಳಿದ ಜಾಗಕ್ಕೆ ಗೆರೆಯನ್ನೂ ಎಳೆದೆ. ಅದು ಮಾವನ ಕಣ್ಣಿಗೆ ಬಿತ್ತು.

"ಇಲ್ಲ ಅಂದ್ರೇನೋ? ಮೂರು ತಿಂಗ್ಳಿಂದ ಇಲ್ಲಿ ಏನು ಈರುಳ್ಳಿ ಸುಲೀತಿದ್ದೀಯಾ?"

"ಇದು ಬೇರೆ, ಮಾವ."

"ಬಡಗಿ ಹೆಂಡ್ತಿ ತವರಿಗೆ ಹೋಗಿ ಕೂತಾಗ ಅವಂಗೆ ಕಾಗದ ಬರ್ಕೊಟ್ಟವ್ರು ಯಾರು? ಅವಳು ವಾಪಸ್ ಬಂದ್ಲೋ ಇಲ್ವೋ?"

"ಬಂದಳು. ಅದು ಎರಡು ಸಾಲು ಅಷ್ಟೇ."

"ನಿನ್ನ ಹದಿನಾರು ಪುಟದ ಹುಡ್ಗಿ ಎಲ್ಲಿಗೆ ಬಂದ್ಲು?"

ಒಳಗಿನಿಂದ ಅತ್ತೆ, "ಮೊನ್ನೆ ನಮ್ಮಕ್ಕಂಗೆ ಬರ್ದ ಕಾರ್ಡು ನೀನೇ ಅಲ್ವೇನೋ ಬರ್ದಿದ್ದು, ಅದನ್ನೂ ಹಾಕ್ಕೋ" ಅಂದರು. ಅತ್ತೆಯ ಕಾರ್ಡುಗಳೇ ಒಂದು ವಿದ್ಯೆ. ಕ್ಷೇಮ, ಮಳೆ, ಹಸುವಿನ ಕರು, ಪಕ್ಕದ ಮನೆಯವರ ಕೆಮ್ಮು ಎಂದು ಕಾರ್ಡು ಪೂರ್ತಿ ತುಂಬಿಸಿ, ನಿಜವಾಗಿ ಹೇಳಬೇಕಾದ ಒಂದು ಮಾತನ್ನು ಕೊನೆಗೆ ಅಂಚಿನಲ್ಲಿ ಅಡ್ಡವಾಗಿ ಬರೆಸುತ್ತಿದ್ದರು: "ನನ್ನ ಬೋಗುಣಿ ವಾಪಸು ಕಳಿಸು." ಓದುವವರು ಕಾರ್ಡು ತಿರುಗಿಸಿ ಹಿಡಿದುಕೊಂಡರೆ ಮಾತ್ರ ಅದು ಕಾಣುತ್ತಿತ್ತು. ಕಷ್ಟಪಟ್ಟು ಓದಿದ್ದು ಮರೆಯುವುದಿಲ್ಲ ಎಂದು ಅತ್ತೆಗೆ ಗೊತ್ತಿತ್ತು. ಬೋಗುಣಿ ಎಂಟೇ ದಿನಕ್ಕೆ ಬಂತು. ನಾನು ಮಾತ್ರ ಅರ್ಜಿಯನ್ನು ಟ್ರಂಕಿನಲ್ಲಿ ಹಾಕಿಟ್ಟೆ. ಬೋಗುಣಿಯ ವಿಷಯ ಶಿವಮೊಗ್ಗದ ಸಂಪಾದಕರಿಗೆ ಬರೆಯುವ ಧೈರ್ಯ ಬರಲಿಲ್ಲ.

ಪುಷ್ಯಮಾಸದಲ್ಲಿ, ಸುಗ್ಗಿ ಮುಗಿದು ಬೆಳಗಿನ ಮಂಜು ಕಚೇರಿಯ ಹೆಂಚಿನ ಮೇಲೆ ಹತ್ತು ಗಂಟೆಯವರೆಗೂ ಕೂತಿರುತ್ತಿದ್ದ ದಿನಗಳಲ್ಲಿ, ಎರಡು ಒಟ್ಟಿಗೆ ಬಂದವು: ಮಾವನ ಬಲಗೈ ತೋರುಬೆರಳಿಗೆ ಉಗುರುಸುತ್ತು, ಮತ್ತು ಹಾಲವ್ವ.

ಉಗುರುಸುತ್ತಿಗೆ ಅತ್ತೆ ನಿಂಬೆಹಣ್ಣಿಗೆ ತೂತು ಕೊರೆದು ಬೆರಳಿಗೆ ಸಿಕ್ಕಿಸಿದರು. ಮಾವ ಆ ನಿಂಬೆಹಣ್ಣಿನಿಂದಲೇ ಗದರಿಸುತ್ತಿದ್ದರು, ಅದರಿಂದಲೇ ಸಾಲು ತೋರಿಸುತ್ತಿದ್ದರು. ಪೆನ್ನು ಹಿಡಿಯುವಂತಿರಲಿಲ್ಲ. ಆದ್ದರಿಂದ ಹಾಲವ್ವನ ಮಕ್ಕಳ ಪಾಲುಪತ್ರ ನಾನೇ ಬರೆಯಬೇಕಾಯಿತು. ಸಾಫು ಪ್ರತಿ ಮಾತ್ರವಲ್ಲ, ಕರಡಿನಿಂದಲೂ.

ಹಾಲವ್ವ ಆನವಟ್ಟಿಯಿಂದ ಒಂದು ಹರದಾರಿ ಒಳಗಿನ ಹಳ್ಳಿಯವಳು, ಗಂಡ ತೀರಿ ಹೋಗಿದ್ದ. ಮಕ್ಕಳು ಬಸಪ್ಪ, ಚನ್ನಪ್ಪ. ಒಂದೇ ಮನೆಯಲ್ಲಿದ್ದುಕೊಂಡು ಒಬ್ಬರಿಗೊಬ್ಬರು ಮಾತು ಬಿಟ್ಟು ಎರಡು ವರ್ಷವಾಗಿತ್ತು. ಈಗ ಗದ್ದೆ, ಮನೆ, ಎಮ್ಮೆ, ಎಲ್ಲ ಪಾಲು ಮಾಡಿಕೊಳ್ಳಲು ಒಪ್ಪಿದ್ದರು. ಜಗಲಿಯ ಆ ತುದಿಗೆ ಒಬ್ಬ, ಈ ತುದಿಗೆ ಒಬ್ಬ, ನಡುವೆ ನಾನು.

"ಅವರಿಗೆ ಹೇಳ್ರಿ, ಮೂಡಗಡೆ ಅಂಕಣ ನಂಗೆ ಅಂತ" ಎಂದು ಚನ್ನಪ್ಪ ನನಗೆ ಹೇಳುವನು.

"ಕೇಳಿಸ್ತು ಅಂತ ಹೇಳ್ರಿ" ಎಂದು ಬಸಪ್ಪ ನನಗೇ ಹೇಳುವನು.

ಪಾಲಿನ ಆರು ಕಲಮು ಹೀಗೆ ನನ್ನ ತಲೆಯ ಮೇಲಿಂದ ಹಾದು ಕಾಗದಕ್ಕೆ ಇಳಿದವು. ಏಳನೆಯದು ತಾಯಿಯ ಜೀವನಾಂಶ. ಇನ್ನು ಮುಂದೆ ಎರಡು ಒಲೆ. ಹಾಲವ್ವನಿಗೆ ಯಾವ ಒಲೆಯೂ ಅವಳದಲ್ಲ. ಅವಳ ಊಟ, ಬಟ್ಟೆ, ಮಲಗುವ ಜಾಗ ಎಲ್ಲವೂ ಈ ಒಂದು ಕಲಮಿನ ಮೇಲೆ ನಿಂತಿತ್ತು. ಮಾವ ನಿಂಬೆಹಣ್ಣು ಎತ್ತಿ, ಎಲ್ಲ ಪಾಲುಪತ್ರಗಳಲ್ಲೂ ಬರುವ ವಾಕ್ಯ ಹೇಳಿದರು: "ತಾಯಿಯವರನ್ನು ಮನೆತನದ ಮರ್ಯಾದೆಗೆ ತಕ್ಕಂತೆ ಇಬ್ಬರೂ ನೋಡಿಕೊಳ್ಳತಕ್ಕದ್ದು."

ಕಂಬಕ್ಕೆ ಒರಗಿ ಕೂತಿದ್ದ ಹಾಲವ್ವ ಮುಂದಕ್ಕೆ ಸರಿದಳು.

"ಮರ್ಯಾದಿಗೆ ತಕ್ಕಂಗೆ ಅಂದ್ರೆ ಎಷ್ಟು ಸೇರು ಆಗ್ತೈತ್ರಿ?"

ಮಾವ ನಕ್ಕರು. "ಹಾಲವ್ವ, ನಮ್ಮಜ್ಜನ ಕಾಲ್ದಿಂದ ಹಿಂಗೇ ಬರಿಯೋದು."

"ನಿಮ್ಮಜ್ಜಂಗೆ ಇಬ್ರು ಸೊಸೇರ ಕೈಯಾಗೆ ಉಣ್ಣೋ ಪ್ರಸಂಗ ಬಂದಿತ್ತೇನ್ರಿ?" ಆಮೇಲೆ ನನ್ನ ಕಡೆ ತಿರುಗಿದಳು. "ತಮ್ಮಾ, ನೀ ಬರಿ. ಅಕ್ಕಿ ಅಂತ ಬರಿ. ಬರೇ ಅಕ್ಕಿ ಅಲ್ಲ, ಅವರು ಉಣ್ಣೋ ಅಕ್ಕಿ. ದನಕ್ಕೆ ಬೇಸೋ ನುಚ್ಚೂ ಅಕ್ಕಿನೇ."

ನಾನು ಬರೆದೆ. ಬರೆಯುತ್ತ ನನ್ನ ಕಿವಿ ನೆಟ್ಟಗಾಯಿತು. ನನ್ನ ಮೂರು ಕಥೆಗಳಲ್ಲಿ "ನೀಲ", "ಮಧುರ", "ವಿಷಣ್ಣ" ಎಂಬ ಮಾತುಗಳನ್ನು ಮಂಡಕ್ಕಿಯಂತೆ ಎರಚಿದ್ದೆ. ಒಂದನ್ನು ತೆಗೆದರೂ ಯಾರಿಗೂ ನಷ್ಟವಿರಲಿಲ್ಲ. "ಅವರು ಉಣ್ಣೋ" ಎಂಬ ಎರಡು ಮಾತು ತೆಗೆದರೆ ಒಬ್ಬಳು ಹೆಂಗಸು ಜೀವಮಾನವಿಡೀ ನುಚ್ಚು ತಿನ್ನಬೇಕಾಗುತ್ತಿತ್ತು.

"ಮಜ್ಜಿಗಿ ದಿನಾ ಒಂದು ಚೊಂಬು. ನೀರು ಹೊಯ್ಯೋಕೆ ಮೊದ್ಲಿನದು."

"ಎಮ್ಮೆ ಕರೆಯುವಾಗ ಅಂತ ಸೇರಿಸಲಾ?"

"ಬ್ಯಾಡ. ಬಸಪ್ಪನ ಎಮ್ಮಿ ಗಬ್ಬ ಆದಾಗ ನಾನೇನು ಬಾಯಿ ತೊಳ್ಕಂಡು ಕೂರ್ಲಾ? ಯಾರ ಎಮ್ಮಿ ಕರೀತೈತೋ ಅವರು ಅಂತ ಬರಿ. ಎರಡೂ ಗಬ್ಬ ಆದ್ರೆ ಊರಾಗೆ ಇಸ್ಕಂಡು ಬಂದು ಕೊಡ್ಬೇಕು ಅಂತಾನೂ ಬರಿ."

ಆಗ ನನಗೆ ಗೊತ್ತಾಯಿತು: ಇವಳು ನಮ್ಮವಳು. ಮುಂದೆ ಏನೇನು ಕೆಡಬಹುದು ಎಂದು ಲೆಕ್ಕ ಹಾಕುತ್ತ ಜೀವ ಸವೆಸುವವಳು. ಒಂದೇ ವ್ಯತ್ಯಾಸ, ನನ್ನ ಚಿಂತೆ ಒಳಗೇ ಸುತ್ತಿ ಸುತ್ತಿ ಮುಗಿಯುತ್ತಿತ್ತು. ಅವಳದು ವಾಕ್ಯವಾಗಿ ಹೊರಗೆ ಬರುತ್ತಿತ್ತು.

ಮುಂದಿನ ಮೂರು ವಾರ ಅವಳು ಆನವಟ್ಟಿ ಬಸ್ಸಿನಲ್ಲಿ ಮೂರು ಸಲ ಬಂದಳು, ಪ್ರತಿ ಸಲವೂ ಹೊಸದೊಂದು ಚಿಂತೆಯೊಂದಿಗೆ. ಸ್ನಾನಕ್ಕೆ ಬಿಸಿನೀರು: ಯಾರ ಬಚ್ಚಲೊಲೆ ಮೊದಲು ಹತ್ತುತ್ತದೆಯೋ ಅವರ ಹಂಡೆಯದು. ಬಾವಿಗೆ ಹೋಗುವ ಹಿತ್ತಿಲ ದಾರಿ: ತಲೆಯ ಮೇಲೆ ಕೊಡವಿಟ್ಟುಕೊಂಡು ಹಿಂದಿರುಗಿ ನೋಡುವಷ್ಟು ಅಗಲ. ನಾನು ಗಜದಲ್ಲಿ ಹೇಳು ಅಂದೆ. ಅವಳು ಎದ್ದು, ಜಗಲಿಯಲ್ಲೇ ಇಲ್ಲದ ಕೊಡವನ್ನು ತಲೆಗೇರಿಸಿ, ಒಂದು ಸುತ್ತು ತಿರುಗಿದಳು. "ಇಷ್ಟು" ಅಂದಳು. ಮಾವ ಸೀಮೆಸುಣ್ಣದಲ್ಲಿ ಗುರುತು ಹಾಕಿ ಅಳೆದರು.

ಒಂದು ಸಂಜೆ ಮಾವ ಕರಡನ್ನು ಪೂರ್ತಿ ಓದಿ, ನಿಂಬೆಹಣ್ಣಿನಿಂದ ಮೂಗು ತುರಿಸಿಕೊಂಡರು.

"ಚೆನ್ನಾಗೈತೆ. ಆದ್ರೆ ಒಂದು ಹೇಳ್ತೀನಿ. ಬೇಲಿ ಹಾಕ್ದಾಗ ಒಳಗಿಂದು ಒಳಗೆ, ಹೊರಗಿಂದು ಹೊರಗೆ. ಪಟ್ಟಿ ಮಾಡಿದ್ರೆ ಪಟ್ಟೀಲಿ ಇಲ್ದೇ ಇರೋದು ಇಲ್ಲ ಅಂತಾಗುತ್ತೆ. ಆ ಹಳೇ ವಾಕ್ಯನೂ ಕೊನೇಗೆ ಇರ್ಲಿ ಬಿಡು."

ನಾನು ಬಿಡಲಿಲ್ಲ. ಇಪ್ಪತ್ತೊಂದನೇ ವಯಸ್ಸಿನಲ್ಲಿ ಒಂದು ಉಪಾಯ ಕಲಿತವನು ಅದನ್ನು ಪೂರ್ತಿ ಹಿಂಡದೆ ಬಿಡುತ್ತಾನೆಯೆ. "ಮರ್ಯಾದೆಗೆ ತಕ್ಕಂತೆ ಎನ್ನುವುದು ಟೊಳ್ಳು ಮಾತು, ಮಾವ. ಎಲ್ಲವನ್ನೂ ಬರೆದ ಮೇಲೆ ಅದು ಯಾಕೆ?" ಅಂದೆ. ಮಾವ ಕರಡನ್ನು ನನ್ನ ಕಡೆ ತಳ್ಳಿ, "ಆಯ್ತು. ಪತ್ರ ನಿಂದು" ಅಂದರು.

ರಿಜಿಸ್ಟ್ರಿಯ ಹಿಂದಿನ ದಿನ ಹಾಲವ್ವ ಸಂಜೆಯ ಬಸ್ಸಿಗೇ ಬಂದು ನಮ್ಮ ಮನೆಯಲ್ಲಿ ಉಳಿದಳು. ಅಡುಗೆಮನೆಯ ಸಾಮಾನುಗಳ ಪಟ್ಟಿಯೊಂದು ಬಾಕಿಯಿತ್ತು. ಅತ್ತೆ ದೀಪ ಹಚ್ಚಿ ಒಳಗೆ ಹೋದರು. ಹಾಲವ್ವ ಗೋಡೆಗೆ ಒರಗಿ, ಕಣ್ಣು ಮುಚ್ಚಿ, ತನ್ನ ಮನೆಯ ಗೂಡುಗಳನ್ನು ಒಂದೊಂದಾಗಿ ನೋಡುತ್ತ ಹೇಳುವವಳಂತೆ ಹೇಳಿದಳು: ಬೇಳೆ, ಮೆಣಸಿನಕಾಯಿ, ಹುಣಿಸೆಹಣ್ಣು, ಬೆಲ್ಲ, ಕೊತ್ತಂಬರಿ, ಅರಿಸಿನ, ತಲೆಗೂ ಒಗ್ಗರಣೆಗೂ ಸೇರಿ ಎಣ್ಣೆ. ಪ್ರತಿಯೊಂದಕ್ಕೂ ಅಳತೆ, ಪ್ರತಿಯೊಂದಕ್ಕೂ ಯಾವ ಮಗ, ಯಾವ ತಿಂಗಳು. ನಾನು ಓದಿ ಹೇಳಿದೆ. ಕುತ್ತಿಗೆ ನೋಡಿದೆ. ವಾಲಲಿಲ್ಲ.

"ಎಲ್ಲಾ ಬಂತಾ, ಹಾಲವ್ವ?"

ಅವಳು ಉರಿಯುತ್ತಿದ್ದ ದೀಪದ ಕಡೆ ನೋಡಿ, "ಬಂತು. ಉಳಿದಿದ್ದು ನಿಂಗೂ ಗೊತ್ತಿರ್ತೈತಲ್ಲ" ಅಂದಳು. ದಣಿವಿನ ಮಾತು ಅಂದುಕೊಂಡೆ.

ಮರುದಿನ ಬಸ್ಸು ಕೆಡಲಿಲ್ಲ. ಸಾಹೇಬರಿಗೆ ನೆಗಡಿ ಇರಲಿಲ್ಲ. ಸಾಕ್ಷಿಗಳು ಕುಡಿದದ್ದು ಕಾಫಿಯನ್ನೇ. ರಿಜಿಸ್ಟ್ರಾರ್ ಸಾಹೇಬರು ಏಳನೇ ಕಲಮನ್ನು ಎರಡು ಸಲ ಓದಿ, ಕನ್ನಡಕದ ಮೇಲಿಂದ ನೋಡಿ, "ಇದನ್ನು ಬರೆದವರು ಯಾರ್ರೀ?" ಅಂದಾಗ ನಾನು ಹೊಡೆದ ಅಕ್ಷರಗಳನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಎಣಿಸಿದೆ. ಆದರೆ ಅವರು, "ಓದಿದ್ರೆ ಹಸಿವಾಗ್ತದೆ" ಎಂದಷ್ಟೇ ಹೇಳಿ ಮುಂದೆ ಓದಿದರು.

ಗಟ್ಟಿಯಾಗಿ ಓದಿ ಹೇಳುವಾಗ ನಡೆದದ್ದನ್ನು ಮಾತ್ರ ನಾನು ಎಣಿಸಿರಲಿಲ್ಲ. "ಅವರು ಉಣ್ಣುವ ಅಕ್ಕಿಯೇ ಹೊರತು ದನಕ್ಕೆ ಬೇಯಿಸುವ ನುಚ್ಚಲ್ಲ" ಎಂಬಲ್ಲಿಗೆ ಬಂದಾಗ ಬಸಪ್ಪನ ಮುಖ ಕೆಂಪಾಯಿತು.

"ಇವ್ನ ಕೇಳ್ರಿ, ನಮ್ಮವ್ವಂಗೆ ನುಚ್ಚು ಹಾಕಿದ್ದು ಯಾವಾಗ ಅಂತ."

"ನನ್ನನ್ನೇನು ಕೇಳೋದು" ಅಂದ ಚನ್ನಪ್ಪ, ನನ್ನನ್ನು ನೋಡುವುದನ್ನೇ ಮರೆತು. "ನಿನ್ನ ಹೆಂಡ್ತಿ ಹಾಕಿರ್ಬೇಕು."

"ನನ್ನ ಹೆಂಡ್ತಿ ಹಾಕ್ದಾಗ ನೀನೇನು ಕಣ್ಣು ಮುಚ್ಕಂಡು ಉಣ್ತಿದ್ಯಾ?"

ಎರಡು ವರ್ಷದ ಮೇಲೆ ಅಣ್ಣ ತಮ್ಮ ನೇರ ಮಾತಾಡಿದ್ದು ಅದೇ ಮೊದಲು. ಹಾಲವ್ವ ಇಬ್ಬರನ್ನೂ ನೋಡಿ, "ಹಾಕಿಲ್ಲ. ಹಾಕ್ಬಾರ್ದು ಅಂತ ಬರ್ಸಿದ್ದು. ನೀ ಓದು ತಮ್ಮಾ" ಅಂದಳು. ಮಿಕ್ಕದ್ದನ್ನು ಓದಿದೆ. ಹೊಡೆದ ಅಕ್ಷರ ಎರಡು. ಬರೆದವರ ಜಾಗದಲ್ಲಿ ನನ್ನ ಹೆಸರು. ಹಾಲವ್ವ ಹೆಬ್ಬೆಟ್ಟು ಒತ್ತಿದಳು, ಕೈ ಹಿಂದಕ್ಕೆ ಎಳೆಯಲಿಲ್ಲ. ಮನೆಗೆ ಬಂದವನೇ ಟ್ರಂಕು ತೆಗೆದು ಅರ್ಜಿಯ "ಇಲ್ಲ" ಎಂಬುದನ್ನು ಓದುವಂತೆ ಹೊಡೆದುಹಾಕಿ, ಬಡಗಿಯ ಕಾಗದದಿಂದ ಏಳನೇ ಕಲಮಿನವರೆಗೆ, ಬೋಗುಣಿಯನ್ನೂ ಬಿಡದೆ, ಹಿಂಬದಿಯಲ್ಲೆಲ್ಲ ಬರೆದೆ. ಅರ್ಜಿಯ ಗಡುವು ಮುಗಿದು ಮೂರು ತಿಂಗಳಾಗಿತ್ತು ಎಂಬುದನ್ನು ಗಮನಿಸಿದ್ದು ಆಮೇಲೆ. ಕೊರಗಲಿಲ್ಲ. ನನ್ನ ಬರಹವನ್ನು ಎರಡು ಸಂಸಾರ ದಿನಾ ಮೂರು ಹೊತ್ತು ಚಾಚೂ ತಪ್ಪದೆ ನಡೆಸುತ್ತಿರುವಾಗ ಶಿವಮೊಗ್ಗ ಯಾವ ಲೆಕ್ಕ?

ಒಂದು ತಿಂಗಳು ಹಾಗೇ ಬೀಗಿಕೊಂಡು ತಿರುಗಿದೆ. ಶಿವರಾತ್ರಿಯ ಮಾರನೆಯ ದಿನ ಮನೆಯಲ್ಲಿ ಎಲೆ ಹಾಕಿದ್ದರು. ಅತ್ತೆ ಬಡಿಸಲು ಬಗ್ಗಿ, ಎಲ್ಲಕ್ಕಿಂತ ಮೊದಲು ಎಲೆಯ ತುದಿಗೆ ಬೆರಳಷ್ಟು ಉಪ್ಪು ಇಟ್ಟರು.

ನಾನು ಆ ಉಪ್ಪನ್ನು ನೋಡಿದೆ. ಅತ್ತೆ ಪಲ್ಯ ಬಡಿಸಿದರು, ಕೋಸಂಬರಿ ಬಡಿಸಿದರು. ನಾನು ಉಪ್ಪನ್ನೇ ನೋಡುತ್ತಿದ್ದೆ. ಬೇಳೆ, ಮೆಣಸಿನಕಾಯಿ, ಹುಣಿಸೆಹಣ್ಣು, ಬೆಲ್ಲ, ಕೊತ್ತಂಬರಿ, ಅರಿಸಿನ, ಎಣ್ಣೆ. ಪತ್ರ ನನಗೆ ಬಾಯಿಪಾಠ. ಇನ್ನೊಮ್ಮೆ ಹೇಳಿಕೊಂಡೆ. ಇನ್ನೊಮ್ಮೆ. ಉಪ್ಪು ಎಲ್ಲೂ ಇರಲಿಲ್ಲ. ಎದುರಿಗೆ ಕೂತಿದ್ದ ಮಾವ ನನ್ನ ಮುಖ ನೋಡಿದರು, ಎಲೆ ನೋಡಿದರು, ವಾಸಿಯಾದ ಬೆರಳನ್ನು ನಿಧಾನವಾಗಿ ಉಪ್ಪಿನ ಕಡೆ ಚಾಚಿದರು. "ಬರ್ದಿಲ್ವಾ?" ಅಂದರು. ನಾನು ಇಲ್ಲ ಎಂದು ತಲೆಯಾಡಿಸಿದೆ. ಮಾವ ಅನ್ನ ಕಲಸಿಕೊಳ್ಳುತ್ತ, "ಮರ್ಯಾದೆಗೆ ತಕ್ಕಂತೆ ಅನ್ನೋದ್ರೊಳಗೆ ಅದು ಇರ್ತಿತ್ತು" ಎಂದಷ್ಟೇ ಹೇಳಿದರು.

ಮರುದಿನ ಮೊದಲ ಬಸ್ಸಿಗೆ ತಿದ್ದುಪಡಿ ಪತ್ರದ ಕರಡು ಬರೆದುಕೊಂಡು ಆನವಟ್ಟಿಯಲ್ಲಿ ಇಳಿದೆ. ಅಲ್ಲಿಂದ ನಡೆದೆ. ನಡೆಯುತ್ತ ಹಾಲವ್ವ ಸಪ್ಪೆ ಸಾರಿನ ಮುಂದೆ ಕಣ್ಣೀರು ಹಾಕುತ್ತಿರುವುದನ್ನು, ಸೊಸೆಯರಿಬ್ಬರೂ ಪತ್ರದ ನಕಲು ಹಿಡಿದು "ಇದರಲ್ಲಿ ಉಪ್ಪು ಎಲ್ಲಿದೆ ತೋರಿಸಿ" ಎನ್ನುವುದನ್ನು, ಊರ ಪಂಚಾಯಿತಿ ನನ್ನ ಹೆಸರು ಓದಿ ಹೇಳುವುದನ್ನು ಕಂಡೆ.

ಹಾಲವ್ವ ಪಡಸಾಲೆಯಲ್ಲಿ ತನ್ನ ಪಾಲಿಗೆ ಬಂದ ಮೂಲೆಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದಳು. ನಾನು ನಿಂತಲ್ಲೇ ತಪ್ಪೊಪ್ಪಿಕೊಂಡೆ.

"ಗೊತ್ತೈತಿ" ಅಂದಳು. "ದೀಪ ಹಚ್ಚಿದ ಹೊತ್ನಾಗೆ ಅದರ ಹೆಸರು ಯಾರಾದ್ರೂ ತೆಗೀತಾರೇನು ತಮ್ಮಾ, ಅದೂ ಇನ್ನೊಬ್ರ ಮನಿಯಾಗೆ? ನಿಂಗೆ ಗೊತ್ತಿರ್ತೈತಿ ಅಂತ ಬಿಟ್ಟೆ. ಬೆಳಿಗ್ಗೆ ಓದ್ದಾಗ ಇವ್ರ ಜಗಳದಾಗೆ ನಂಗೂ ಮರ್ತೋತು."

ದೀಪದ ಹೊತ್ತಿನಲ್ಲಿ ನಮ್ಮ ಮನೆಯಲ್ಲೂ ಅದನ್ನು ಕೇಳುವುದಿಲ್ಲ, ಕೊಡುವುದಿಲ್ಲ, ಹೆಸರೆತ್ತುವುದೂ ಇಲ್ಲ. ನಮ್ಮಮ್ಮ ಕಲಿಸಿದ್ದಳು. ನಾನು ಬರೆಯುವ ಭರದಲ್ಲಿ ಮರೆತಿದ್ದೆ. ಕರಡನ್ನು ಮುಂದೆ ಹಿಡಿದೆ. "ಎರಡೇ ಸಾಲು, ಹಾಲವ್ವ. ತಿಂಗಳಿಗೆ ಇಷ್ಟು ಅಂತ ಹೇಳು. ನಾಳೆಯೇ ರಿಜಿಸ್ಟ್ರಿ ಮಾಡಿಸುತ್ತೇನೆ."

ಅವಳು ಬತ್ತಿ ಕೆಳಗಿಟ್ಟಳು. "ನಿನ್ನ ಪತ್ರ ಭಾಳ ಛಲೋ ಐತಿ. ಅಕ್ಕಿ ಹೇಳಿದ್ದಿನ ಬರ್ತೈತಿ. ಮಜ್ಜಿಗಿ ಬಾಗ್ಲಿಗೆ ಬರ್ತೈತಿ. ಇಬ್ರು ಸೊಸೇರೂ ತಂದಿಡ್ತಾರೆ, ಹೋಗ್ತಾರೆ. ಕೇಳೋ ಹಂಗಿಲ್ಲ, ಬೈಯೋ ಹಂಗಿಲ್ಲ. ಒಂದು ವಾರ ನಾನು ಬಾಯೇ ಬಿಟ್ಟಿರ್ಲಿಲ್ಲ."

"ಮತ್ತೆ ಉಪ್ಪು?"

"ಅದನ್ನೇ ಕೇಳ್ಕಂಡು ಹೋಗ್ತೀನಿ. ಬೆಳಿಗ್ಗೆ ದೊಡ್ಡಾಕಿ ಒಲಿ ಮುಂದೆ, ಮಧ್ಯಾಹ್ನ ಸಣ್ಣಾಕಿ ಒಲಿ ಮುಂದೆ. ಕೈಯಿಂದ ಕೈಗೆ ಕೊಡ್ಬಾರ್ದಲ್ಲ ಅದನ್ನ, ಅವ್ರು ಕೈಯಾಗಿನ ಕೆಲ್ಸ ಮುಗ್ಸಿ ಬಟ್ಲಾಗೆ ಹಾಕಿ ಕೆಳಗಿಡೋ ತನ ಕೂತ್ಕಂತೀನಿ. ಅಷ್ಟೊತ್ತಿಗೆ ಸಾರಿಗೆ ಹುಳಿ ಜಾಸ್ತಿ ಆತು ಅಂತೀನಿ, ಮಗೂಗೆ ಕಾಡಿಗೆ ಹಚ್ಚಿಲ್ಲ ಅಂತೀನಿ. ಅವ್ರೂ ಒಂದು ಅಂತಾರೆ, ನಾನೊಂದು ಅಂತೀನಿ." ಕರಡನ್ನು ನನ್ನ ಕೈಯಿಂದ ತೆಗೆದುಕೊಂಡು, ಓದಲು ಬರುವವಳಂತೆ ಹಿಂದೆ ಮುಂದೆ ನೋಡಿ, ಮಡಿಸಿ ವಾಪಸು ಕೊಟ್ಟಳು. "ಇದನ್ನೂ ಬರ್ದು ನನ್ನನ್ನ ಈ ಮೂಲೀಲೇ ಕೂರಿಸ್ಬ್ಯಾಡ."

ನಾನು ಬಿಡದೆ, "ಕೊಡುವುದಿಲ್ಲ ಅಂದುಬಿಟ್ಟರೆ?" ಎಂದು ಕೇಳಿದೆ. ನನ್ನ ಸ್ವಭಾವ.

ಹಾಲವ್ವ ನನಗೆಂದು ಚೊಂಬಿನಿಂದ ಲೋಟಕ್ಕೆ ಮಜ್ಜಿಗೆ ಬಗ್ಗಿಸಿದಳು. ನೀರು ಹೊಯ್ಯುವ ಮೊದಲಿನದು. ಆಮೇಲೆ ಹಾಸಿಗೆಯ ಸುರುಳಿಯ ಹಿಂದೆ ಕೈ ಹಾಕಿ, ಬಟ್ಟೆ ಮುಚ್ಚಿದ ಒಂದು ಮಡಕೆ ಎಳೆದಳು. ಆನವಟ್ಟಿ ಸಂತೆಯ ಹರಳುಪ್ಪು, ಕುತ್ತಿಗೆಯವರೆಗೆ. ಒಂದು ಚಿಟಿಕೆ ತೆಗೆದು ನನ್ನ ಲೋಟಕ್ಕೆ ಹಾಕಿ, ಮಡಕೆಯನ್ನು ಹಿಂದಕ್ಕೆ ತಳ್ಳಿ, ಅಡುಗೆಮನೆಯ ಕಡೆಗೊಮ್ಮೆ ನೋಡಿದಳು.

"ಪತ್ರದಾಗೆ ಇಲ್ದೇ ಇರೋದು ಇದೊಂದೈತಿ. ಸುಮ್ನೆ ಕುಡಿ."